ಅತಿಯಾಸೆ ಗತಿಗೇಡು ಎಂಬ ಅರೆಸತ್ಯ

ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಾಗಲಿ, ಹರಿಹರದಲ್ಲಿ ಕಾರ್ಖಾನೆಯ ನೌಕರಿಯಿಂದ ನಿವೃತ್ತರಾದವರು ಸಂಜೆಯ ಹೊತ್ತು ಕೂಡುವ ಜಗಲಿಯಲ್ಲಾಗಲಿ, ನಮ್ಮವರೊಬ್ಬರು ಷೇರು ವ್ಯವಹಾರದಲ್ಲಿ ಹಣ ಕಳೆದುಕೊಂಡರೆಂಬ ವಾರ್ತೆ ಬಂದೊಡನೆ, ಆ ಹಣ ಯಾವ ದಾರಿಯಲ್ಲಿ ಹೋಯಿತು, ಯಾರ ಕೈ ಸೇರಿತು, ಆ ದಾರಿಯಲ್ಲಿ ಯಾರು ಸುಳ್ಳು ನುಡಿದರು, ಯಾರು ಲೆಕ್ಕ ತಿದ್ದಿದರು ಎಂಬ ವಿಚಾರಣೆ ಲವಲೇಶವೂ ಇಲ್ಲದೆ, ಕೇಳಿದವರ ಬಾಯಿಂದ ಹೊರಡುವ ಮೊದಲನೆಯ ಮಾತು ಅತಿಯಾಸೆ ಗತಿಗೇಡು ಎಂಬುದು. ಬಹುಮಟ್ಟಿಗೆ ಕೊನೆಯ ಮಾತೂ ಅದೇ. ಗಾದೆಯನ್ನು ಆಡಿ ಮುಗಿಸಿದೊಡನೆ ಆಡಿದವರಿಗೆ ಸಮಾಧಾನವಾಗುತ್ತದೆ, ಕೇಳಿದವರು ತಲೆದೂಗುತ್ತಾರೆ, ಹಣ ಕಳೆದುಕೊಂಡವನು ಮನೆಯ ಒಳಕೋಣೆಯಲ್ಲಿ ತಲೆತಗ್ಗಿಸಿ ಕುಳಿತಿರುತ್ತಾನೆ. ಆ ಹಣವನ್ನು ಅನ್ಯಾಯದಿಂದ ಸೆಳೆದುಕೊಂಡವನೊಬ್ಬನಿದ್ದರೆ ಅವನ ಹೆಸರು ಮಾತ್ರ ಆ ಮಾತುಕತೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ಈ ಗಾದೆಯ ನೆರಳಿನಲ್ಲಿ ಒಂದು ಅಭಿಪ್ರಾಯ ನಮ್ಮಲ್ಲಿ ಬೇರೂರಿದೆ. ಅದನ್ನು ಖಂಡಿಸುವ ಮುನ್ನ ಅದರ ಪಕ್ಷದವರು ಹೇಳುವಷ್ಟೇ ಬಲವಾಗಿ ಅದನ್ನು ಹೇಳುವುದು ನ್ಯಾಯ. ಷೇರುಪೇಟೆ ಜೂಜಿನ ಕಟ್ಟೆ, ಅಲ್ಲಿಗೆ ಸರ್ಕಾರ ಒಬ್ಬ ಮೇಲ್ವಿಚಾರಕನನ್ನು ನೇಮಿಸುವುದೆಂದರೆ ಜೂಜಿಗೆ ಮರ್ಯಾದೆಯ ವಸ್ತ್ರ ಹೊದಿಸಿದಂತೆ ಎಂದು ಹಿರಿಯರು ಹೇಳುತ್ತಾರೆ. ಪೇಟೆಯನ್ನು ಪೇಟೆಯೇ ತಿದ್ದಿಕೊಳ್ಳುತ್ತದೆ, ಮಾತಿಗೆ ತಪ್ಪಿದವನ ಅಂಗಡಿಗೆ ಮರುದಿನ ಯಾರೂ ಹೋಗುವುದಿಲ್ಲ, ನಡುವೆ ಸರ್ಕಾರದ ಕೈ ಬಂದರೆ ವ್ಯಾಪಾರ ಕುಂಠಿತವಾಗುತ್ತದೆ ಎಂದು ವರ್ತಕರು ಹೇಳುತ್ತಾರೆ. ಸೆಬಿ ಎಂದು ನಾವು ಕರೆಯುವ ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ ಇದ್ದೂ 1992ರಲ್ಲಿ ಹರ್ಷದ್ ಮೆಹ್ತಾ ಹಗರಣವಾಯಿತು, 2001ರಲ್ಲಿ ಕೇತನ್ ಪಾರೇಖ್ ಹಗರಣವಾಯಿತು, 2009ರಲ್ಲಿ ಸತ್ಯಂ ಕಂಪನಿಯ ಸುಳ್ಳು ಲೆಕ್ಕ ಹೊರಬಿತ್ತು, ಇಷ್ಟೆಲ್ಲ ಆದಮೇಲೂ ಆ ಮಂಡಳಿಯಿಂದ ಪ್ರಯೋಜನವೇನು ಎಂದು ವಿದ್ಯಾವಂತರು ಕೇಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಿರಾಶರಾದವರು ನಿಟ್ಟುಸಿರಿಡುತ್ತಾರೆ. ಹೊರಟ ಸ್ಥಳ ಬೇರೆಯಾದರೂ ಈ ನಾಲ್ವರೂ ಬಂದು ಸೇರುವ ಊರು ಒಂದೇ: ಷೇರುಪೇಟೆಯ ಮೇಲೆ ಸರ್ಕಾರದ ಮೇಲ್ವಿಚಾರಣೆ ನಿರರ್ಥಕ, ಹಣ ಹೋದವನು ತನ್ನ ಆಸೆಯ ಫಲವನ್ನು ತಾನು ಉಣ್ಣತಕ್ಕದ್ದು. ಈ ನಿರ್ಣಯ ತರ್ಕದಲ್ಲಿ ತಪ್ಪು, ಚರಿತ್ರೆಯಲ್ಲಿ ತಪ್ಪು, ಧರ್ಮದಲ್ಲಿಯೂ ತಪ್ಪು ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಜೂಜಿನ ಮಾತು. ಜೂಜಿನ ಪಗಡೆ ಯಾವ ವಸ್ತುವನ್ನೂ ಉತ್ಪಾದಿಸುವುದಿಲ್ಲ. ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹಣ ದಾಟುವುದಷ್ಟೇ ಅದರ ಫಲ. ಷೇರು ಅಂಥದಲ್ಲವೆಂಬುದನ್ನು ನಮ್ಮ ಎರಡು ಊರುಗಳಿಗಿಂತ ಚೆನ್ನಾಗಿ ಬಲ್ಲ ಊರುಗಳು ಕರ್ನಾಟಕದಲ್ಲಿ ವಿರಳ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದ ಹತ್ತಿಯ ಗಿರಣಿಗಳು ಒಬ್ಬನೇ ಧನಿಕನ ತಿಜೋರಿಯಿಂದ ಎದ್ದು ನಿಂತವಲ್ಲ. ಹಲವರ ಬಂಡವಾಳ ಒಂದೆಡೆ ಕೂಡಿದ್ದರಿಂದ ಕದಿರುಗಳು ತಿರುಗಿದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪಿತವಾಗಿ, ತುಂಗಭದ್ರೆಯ ದಂಡೆಯಿಂದ ದೇಶದ ಕಾರ್ಖಾನೆಗಳಿಗೆಲ್ಲ ಲೇತ್ ಯಂತ್ರಗಳು ಹೋಗತೊಡಗಿದಾಗಲೂ ಹಾಗೆಯೇ. ಷೇರೆಂದರೆ ಒಂದು ಕದಿರಿನಲ್ಲಿ, ಒಂದು ಲೇತಿನಲ್ಲಿ, ಅದರ ಮುಂದೆ ನಿಂತು ದುಡಿಯುವವನ ಶ್ರಮದಿಂದ ಹುಟ್ಟುವ ಲಾಭದಲ್ಲಿ ಒಂದು ಪಾಲು. ಅದನ್ನು ಪಗಡೆಯಂತೆ ಆಡುವವರು ಇದ್ದಾರೆಂಬುದು ನಿಜ. ಆದರೆ ಹೊಲದ ಬೆಳೆಯ ಮೇಲೆ ಬಾಜಿ ಕಟ್ಟುವವನಿದ್ದಾನೆ ಎಂದಮಾತ್ರಕ್ಕೆ ಒಕ್ಕಲುತನವೇ ಜೂಜೆಂದು ಯಾರೂ ಹೇಳುವುದಿಲ್ಲವಷ್ಟೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಎಳೆದಿಟ್ಟುಕೊಳ್ಳಬೇಕು. ಪ್ರಚಲಿತ ಅಭಿಪ್ರಾಯದ ಭ್ರಮೆಯೆಲ್ಲ ಹುಟ್ಟುವುದು ಈ ಭೇದವನ್ನು ಮರೆತದ್ದರಿಂದ. ನಷ್ಟದಲ್ಲಿ ಎರಡು ಬಗೆಯುಂಟು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅರವತ್ತು ವರ್ಷ ಬಾಳಿ ಈ ಶತಮಾನದ ಆರಂಭದಲ್ಲಿ ಮುಚ್ಚಿತು. 1991ರ ತರುವಾಯ ವಿದೇಶದ ಯಂತ್ರಗಳು ಸುಲಭವಾಗಿ ಬರತೊಡಗಿದುವು, ಕೈಯಿಂದ ನಡೆಸುವ ಲೇತಿನ ಸ್ಥಾನವನ್ನು ಕಂಪ್ಯೂಟರಿನಿಂದ ನಡೆಯುವ ಯಂತ್ರ ಆಕ್ರಮಿಸಿಕೊಂಡಿತು, ಕಾಲ ಬದಲಾಯಿತು. ಅಂಥ ಮಾರ್ಪಾಡಿನಲ್ಲಿ ಷೇರುದಾರನಿಗೆ ಬರುವ ನಷ್ಟ ವ್ಯಾಪಾರದ ನಷ್ಟ; ಮಳೆ ಬಾರದೆ ಒಣಗಿದ ಬೆಳೆಯಂತೆ ಅದು ದುಃಖಕರವೇ ಹೊರತು ಅನ್ಯಾಯವಲ್ಲ, ಅದನ್ನು ಯಾವ ಮಂಡಳಿಯೂ ತುಂಬಿಕೊಡಲಾರದು, ತುಂಬಿಕೊಡಲೂ ಕೂಡದು. ಆದರೆ ಇಲ್ಲದ ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ತೋರಿಸಿ ಷೇರು ಮಾರಿದ್ದರಿಂದ ಬರುವ ನಷ್ಟ, ಗ್ರಾಹಕನ ಷೇರನ್ನು ಗ್ರಾಹಕನಿಗೆ ತಿಳಿಯದಂತೆ ದಲ್ಲಾಳಿ ಒತ್ತೆಯಿಟ್ಟದ್ದರಿಂದ ಬರುವ ನಷ್ಟ, ಒಳಗಿನ ಸುದ್ದಿಯನ್ನು ಮೊದಲೇ ಅರಿತವನು ಅರಿಯದವನಿಗೆ ಕೊಳೆತ ಸರಕನ್ನು ದಾಟಿಸಿದ್ದರಿಂದ ಬರುವ ನಷ್ಟ, ಇವು ವ್ಯಾಪಾರದ ನಷ್ಟಗಳಲ್ಲ, ಕಳ್ಳತನದ ನಷ್ಟಗಳು. ಮೊದಲನೆಯದನ್ನು ಸಹಿಸುವ ಧೈರ್ಯ ಹೂಡಿಕೆದಾರನಿಗೆ ಇರಬೇಕು. ಎರಡನೆಯದನ್ನು ಸಹಿಸು ಎಂದು ಅವನಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಅತಿಯಾಸೆಯ ಗಾದೆ ಈ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತದೆ.

ಈ ಭೇದ ನಮಗೆ ಹೊಸದಲ್ಲ. ದಾವಣಗೆರೆಯ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಮೆಕ್ಕೆಜೋಳದ ರಾಶಿಗಳ ನಡುವೆ ಒಮ್ಮೆ ನಡೆದುಹೋದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಆ ಪ್ರಾಂಗಣ ಇಲ್ಲದಿದ್ದ ಕಾಲದಲ್ಲಿ ರೈತನ ಸರಕಿನ ಬೆಲೆ, ಇಬ್ಬರು ವರ್ತಕರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಮಾಡುವ ಸಂಜ್ಞೆಯಲ್ಲಿ ನಿರ್ಣಯವಾಗುತ್ತಿತ್ತು. ಸರಕಿನ ಒಡೆಯನಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಮಾದರಿಯ ಹೆಸರಿನಲ್ಲಿ ಒಂದು ಹಿಡಿ, ಧರ್ಮದ ಹೆಸರಿನಲ್ಲಿ ಒಂದು ಹಿಡಿ, ಧೂಳು ತೇವಗಳ ನೆಪದಲ್ಲಿ ಸೂಟು ಎಂಬ ಕಡಿತ, ಇವೆಲ್ಲ ಕಳೆದಮೇಲೆ ಮುದ್ರೆಯಿಲ್ಲದ ಕಲ್ಲಿನ ತೂಕ. ಕೃಷಿಯ ಸ್ಥಿತಿಯನ್ನು ವಿಚಾರಿಸಿದ ರಾಯಲ್ ಕಮಿಷನ್ 1928ರಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ಮೈಸೂರು ಸಂಸ್ಥಾನ 1939ರಲ್ಲಿ ಅದಕ್ಕೆ ಕಾನೂನು ಮಾಡಿತು. ಏಕೀಕರಣದ ತರುವಾಯ 1966ರ ಕಾಯಿದೆ ಇಡೀ ರಾಜ್ಯಕ್ಕೆ ಬಂತು. ಅಧಿಕೃತ ರಸೀದಿ ಕೊಡದೆ ನಡೆಸುವ ಬಿಳಿಚೀಟಿಯ ವ್ಯವಹಾರ ಇಂದಿಗೂ ಪೂರ್ಣವಾಗಿ ಅಳಿದಿಲ್ಲವೆಂಬುದನ್ನು ಬಲ್ಲೆ. ಆದರೆ ಬಿಳಿಚೀಟಿ ಕೊಟ್ಟವನು ತಪ್ಪಿತಸ್ಥನೆಂದು ಹೇಳುವ ಒಂದು ಕಾನೂನು, ದೂರನ್ನು ಕೇಳುವ ಒಂದು ಕಚೇರಿ ಈಗ ಉಂಟು. ತೂಕದಲ್ಲಿ ಮೋಸಹೋದ ರೈತನನ್ನು ನೋಡಿ, ಹೆಚ್ಚು ಬೆಲೆಯ ಆಸೆಯಿಂದ ಪೇಟೆಗೆ ಬಂದೆಯಲ್ಲವೆ, ಅನುಭವಿಸು ಎಂದು ನಮ್ಮೂರಿನಲ್ಲಿ ಯಾವ ಮನುಷ್ಯನಾದರೂ ಹೇಳಿಯಾನೆ? ರೈತನೂ ಲಾಭದ ಆಸೆಯಿಂದಲೇ ಚೀಲ ಹೊತ್ತು ಬಂದವನು. ಚೀಲದಲ್ಲಿ ಮೆಕ್ಕೆಜೋಳವಿದ್ದಾಗ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಬೇಕೆಂದು ಒಪ್ಪಿದ ನಾವು, ಅದೇ ಚೀಲವನ್ನು ಮಾರಿ ಬಂದ ಉಳಿತಾಯ ಷೇರಾದಾಗ ಮುದ್ರೆ ಬೇಡವೆನ್ನುವುದು ಯಾವ ನ್ಯಾಯ?

ಸರ್ಕಾರದ ಈ ಕರ್ತವ್ಯ ಪಾಶ್ಚಾತ್ಯರಿಂದ ಎರವಲು ತಂದದ್ದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪೌತವಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ತೂಕದ ಕಲ್ಲುಗಳನ್ನೂ ಅಳತೆಯ ಪಾತ್ರೆಗಳನ್ನೂ ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತುವುದು ಅವನ ಕೆಲಸ. ಪೇಟೆಯ ವ್ಯವಹಾರವನ್ನು ನೋಡಿಕೊಳ್ಳುವ ಸಂಸ್ಥಾಧ್ಯಕ್ಷನೆಂಬ ಇನ್ನೊಬ್ಬನಿದ್ದಾನೆ. ವರ್ತಕನ ಲಾಭವನ್ನು ಆ ಗ್ರಂಥ ಪಾಪವೆಂದು ಭಾವಿಸುವುದಿಲ್ಲ. ವರ್ತಕನ ವಂಚನೆಯಿಂದ ಪ್ರಜೆಯನ್ನು ಕಾಯುವುದು ರಾಜಧರ್ಮವೆಂದು ಮಾತ್ರ ಹೇಳುತ್ತದೆ. ಲಾಭ ವಂಚನೆಗಳ ನಡುವಣ ಈ ಗಡಿಯನ್ನು ಎರಡು ಸಾವಿರ ವರ್ಷಗಳ ಹಿಂದಿನ ರಾಜನೀತಿ ಕಂಡಿತ್ತು.

ಪೇಟೆಯನ್ನು ಪೇಟೆಯೇ ತಿದ್ದಿಕೊಳ್ಳುತ್ತದೆ ಎಂಬ ವರ್ತಕರ ವಾದಕ್ಕೆ ಉತ್ತರವನ್ನು ನಮ್ಮ ಎರೆಭೂಮಿಯ ಹತ್ತಿಯೇ ಕೊಡುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು, ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತುಹೋದಾಗ, ಧಾರವಾಡ ಸೀಮೆಯಿಂದ ಹಿಡಿದು ಭಾರತದ ಹತ್ತಿಯ ನಾಡುಗಳಿಗೆಲ್ಲ ಬಂಗಾರದ ಬೆಲೆ ಬಂತು. ಆ ಹಣವೆಲ್ಲ ಮುಂಬಯಿಗೆ ಹರಿದು, ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪನಿಗಳ ಷೇರುಗಳು ಆಕಾಶಕ್ಕೇರಿದವು. ಅಂದು ಮುಂಬಯಿಯಲ್ಲಿ ಸೆಬಿ ಇರಲಿಲ್ಲ, ಷೇರು ವ್ಯವಹಾರವನ್ನು ನೋಡುವ ಯಾವ ಅಧಿಕಾರಿಯೂ ಇರಲಿಲ್ಲ. ಪೇಟೆ ತನ್ನನ್ನು ತಾನು ತಿದ್ದಿಕೊಳ್ಳುವುದಕ್ಕೆ ಅದಕ್ಕಿಂತ ಪ್ರಶಸ್ತವಾದ ಅವಕಾಶ ಇನ್ನೊಂದಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಷೇರುಗಳು ಕಸವಾದವು, ಬಾಂಬೆ ಬ್ಯಾಂಕೇ ಆ ಹೊಡೆತದಿಂದ ಚೇತರಿಸಿಕೊಳ್ಳದೆ ಅಳಿಯಿತು. ದಲ್ಲಾಳಿಗಳು 1875ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಆ ಸಂಘದ ಆಡಳಿತ ಐವತ್ತು ವರ್ಷ ನಡೆದಮೇಲೆ, 1925ರಲ್ಲಿ, ಮುಂಬಯಿಯ ಸರ್ಕಾರವೇ ಕಾನೂನು ಮಾಡಬೇಕಾಗಿ ಬಂತು. 1956ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾತಿಗೆ ತಪ್ಪಿದವನ ಅಂಗಡಿಗೆ ಮರುದಿನ ಯಾರೂ ಹೋಗುವುದಿಲ್ಲವೆಂಬುದು, ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಪೇಟೆಯಲ್ಲಿ ಸತ್ಯವಾದೀತು. ಮುಂಬಯಿಯ ದಲ್ಲಾಳಿಯ ಮುಖವನ್ನೇ ಕಾಣದ ಹರಿಹರದ ಉಪಾಧ್ಯಾಯನಿಗೆ ಅವನ ಕೀರ್ತಿ ಅಪಕೀರ್ತಿಗಳ ಸುದ್ದಿ ಮುಟ್ಟುವುದು ಹಣ ಹೋದ ಮೇಲೆ.

ಸುದ್ದಿಯ ಮಾತು ಬಂದುದರಿಂದ, ನಮ್ಮ ರೈತರಿಗೆ ಚಿರಪರಿಚಿತವಾದ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸುತ್ತೇನೆ. ಲಕ್ಕವಳ್ಳಿಯ ಜಲಾಶಯದಿಂದ ಹೊರಡುವ ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದಲ್ಲಿ ದಾವಣಗೆರೆ ಹರಿಹರಗಳ ಗದ್ದೆಗಳಿವೆ. ನಾಲೆಗೆ ನೀರು ಬಿಟ್ಟರೆಂಬ ಘೋಷಣೆ ಎಲ್ಲರಿಗೂ ಒಂದೇ. ಆದರೆ ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪು ಇಟ್ಟು ಎತ್ತಿಕೊಂಡವನ ಗದ್ದೆ ತುಂಬಿದ ಮೇಲೆ ಉಳಿದದ್ದಷ್ಟೇ ಕೊನೆಯವನಿಗೆ. ಆದಕಾರಣವೇ ನಮ್ಮ ಪೂರ್ವಿಕರು ಕೆರೆಗೊಬ್ಬ ನೀರುಗಂಟಿಯನ್ನು ನೇಮಿಸಿದರು. ನೀರನ್ನು ಸೃಷ್ಟಿಸುವುದು ಅವನ ಕೆಲಸವಲ್ಲ, ಇರುವ ನೀರು ಸರದಿಯ ಪ್ರಕಾರ ಮೊದಲವನಿಗೂ ಕೊನೆಯವನಿಗೂ ತಲುಪುವಂತೆ ನೋಡುವುದು ಅವನ ಕೆಲಸ. ಷೇರುಪೇಟೆಯಲ್ಲಿ ಸುದ್ದಿಯೇ ನೀರು. ಕಂಪನಿಯ ಲಾಭ ಬಿದ್ದಿದೆಯೆಂಬುದನ್ನು ನಿರ್ದೇಶಕರ ಮಂಡಲಿಯಲ್ಲಿ ಕುಳಿತವನು ಮೊದಲೇ ತನ್ನ ಬಂಧುಗಳಿಗೆ ತಿಳಿಸಿ, ಅವರು ಷೇರುಗಳನ್ನು ಮಾರಿ ಮುಗಿಸಿದ ಮೇಲೆ ಆ ಸುದ್ದಿ ಲೋಕಕ್ಕೆ ತಿಳಿದರೆ, ಕೊಂಡವನು ಯಾರು? ನಾಲೆಯ ಕೊನೆಯಲ್ಲಿರುವ ನಮ್ಮವನೇ. ಒಳಸುದ್ದಿಯ ವ್ಯಾಪಾರವನ್ನು ಅಪರಾಧವೆಂದು ಸಾರುವ ನಿಯಮಗಳನ್ನು ಸೆಬಿ 1992ರಲ್ಲಿ ಮಾಡಿತು, 2015ರಲ್ಲಿ ಅವನ್ನು ಬಿಗಿಗೊಳಿಸಿತು. ಮಹತ್ವದ ಸುದ್ದಿ ಎಲ್ಲರಿಗೂ ಏಕಕಾಲದಲ್ಲಿ ಪ್ರಕಟವಾಗತಕ್ಕದ್ದೆಂದು ಕಂಪನಿಗಳಿಗೆ ವಿಧಿಸಿತು. ಈ ನಿಯಮದ ಅಗತ್ಯ ಮುಂಬಯಿಯ ಧನಿಕನಿಗಿಂತ ದಾವಣಗೆರೆಯ ಸಾಮಾನ್ಯನಿಗೆ ನೂರು ಪಾಲು ಹೆಚ್ಚು. ಹೀಗಿರುವಾಗ ನೀರುಗಂಟಿಯೇ ಬೇಡವೆಂದು ಮೇಲ್ಭಾಗದವನು ಹೇಳಿದರೆ ಅರ್ಥವಾಗುತ್ತದೆ; ಕೊನೆಯ ಭಾಗದವರಾದ ನಾವೇ ಅದನ್ನು ಹೇಳಿಕೊಂಡು ತಿರುಗುವುದು ಶೋಚನೀಯ.

ಇನ್ನು, ಮಂಡಳಿಯಿದ್ದೂ ಹಗರಣಗಳು ನಡೆದುವೆಂಬ ಆಕ್ಷೇಪ. ಮೊದಲು ಇಸವಿಗಳನ್ನು ಸರಿಯಾಗಿ ನೋಡಬೇಕು. ಸೆಬಿ 1988ರ ಏಪ್ರಿಲ್‌ನಲ್ಲಿ ಹುಟ್ಟಿತಾದರೂ ಅದಕ್ಕೆ ಶಾಸನದ ಬಲವಿರಲಿಲ್ಲ. ಆ ಬಲ ಬಂದದ್ದು 1992ರಲ್ಲಿ, ಹರ್ಷದ್ ಮೆಹ್ತಾ ಹಗರಣ ಹೊರಬಿದ್ದ ಅದೇ ವರ್ಷದಲ್ಲಿ. ಬ್ಯಾಂಕುಗಳ ನಡುವೆ ಸರ್ಕಾರಿ ಸಾಲಪತ್ರಗಳ ಬದಲು ಬರಿಯ ರಸೀದಿಗಳು ಓಡಾಡುತ್ತ, ಆ ರಸೀದಿಗಳ ಹಿಂದೆ ಪತ್ರಗಳೇ ಇಲ್ಲದೆ, ಬ್ಯಾಂಕಿನ ಹಣ ಷೇರುಪೇಟೆಗೆ ಹರಿದ ಆ ವಂಚನೆ ಬೆಳೆದದ್ದು ಕೋಲಿಲ್ಲದ ಕಾವಲುಗಾರನ ಕಾಲದಲ್ಲಿ. ಎರಡನೆಯದಾಗಿ, ಪ್ರತಿ ಹಗರಣದ ತರುವಾಯ ಒಂದೊಂದು ಕಿಂಡಿ ಮುಚ್ಚಿತೆಂಬುದನ್ನು ಆಕ್ಷೇಪಿಸುವವರು ಗಮನಿಸುವುದಿಲ್ಲ.

ಕಾಗದದ ಷೇರುಗಳ ಕಾಲವನ್ನು ನಾನು ಬಲ್ಲೆ. ನಮ್ಮ ತಂದೆಯವರು ಕೆಲವು ಷೇರುಪತ್ರಗಳನ್ನು ಮಾರಬೇಕೆಂದು ರಿಜಿಸ್ಟರ್ಡ್ ಅಂಚೆಯಲ್ಲಿ ಮುಂಬಯಿಗೆ ಕಳುಹಿಸಿದರು. ತಿಂಗಳುಗಳು ಕಳೆದಮೇಲೆ, ಸಹಿ ಹೊಂದುವುದಿಲ್ಲವೆಂಬ ಒಂದು ಚೀಟಿಯೊಂದಿಗೆ ಅವು ಹಿಂದಿರುಗಿದವು. ಎರಡನೆಯ ಸಲ ಕಳುಹಿಸಿದಾಗ ಹಿಂದಿರುಗಲೂ ಇಲ್ಲ. ಅವರು ದುರಾಸೆಯ ಮನುಷ್ಯರಾಗಿರಲಿಲ್ಲ. ಮಗಳ ಮದುವೆಗೆ ಹಣ ಕೂಡಿಸುತ್ತಿದ್ದರು. ಆ ನಷ್ಟಕ್ಕೆ ಅತಿಯಾಸೆಯೆಂಬ ಹೆಸರಿಟ್ಟವರ ಮಾತು ಇಂದಿಗೂ ನನ್ನ ಕಿವಿಯಲ್ಲಿ ಉಳಿದಿದೆ. 1996ರ ಡಿಪಾಸಿಟರಿ ಕಾಯಿದೆಯಿಂದ ಷೇರುಗಳು ಕಾಗದದ ರೂಪವನ್ನು ಬಿಟ್ಟು ಡಿಮ್ಯಾಟ್ ಖಾತೆಯಲ್ಲಿ ನೆಲೆಸಿದವು. ಖೋಟಾ ಪತ್ರ, ಅಂಚೆಯ ಕಳವು, ಸಹಿಯ ತಕರಾರು ಇವೆಲ್ಲ ಒಂದೇ ಪೀಳಿಗೆಯಲ್ಲಿ ಮಾಯವಾದವು. ಕೊಟ್ಟು ತೆಗೆದುಕೊಳ್ಳುವುದನ್ನು ಮುಂದೂಡುತ್ತ ಹೋಗುವ ಬದ್ಲಾ ಪದ್ಧತಿ 2001ರಲ್ಲಿ ನಿಂತಿತು. ಇಂದು ಷೇರು ಮಾರಿದವನಿಗೆ ಮರುದಿನವೇ ಲೆಕ್ಕ ತೀರುತ್ತದೆ. ಹೊಸ ಷೇರಿಗೆ ಅರ್ಜಿ ಹಾಕಿದವನ ಹಣ, ಷೇರು ಹಂಚಿಕೆಯಾಗುವ ತನಕ ಅವನದೇ ಬ್ಯಾಂಕ್ ಖಾತೆಯಲ್ಲಿ ಉಳಿಯುತ್ತದೆ. 2019ರ ನವೆಂಬರಿನಲ್ಲಿ ಕಾರ್ವಿ ಎಂಬ ದಲ್ಲಾಳಿ ಸಂಸ್ಥೆ ಗ್ರಾಹಕರ ಷೇರುಗಳನ್ನು ಒತ್ತೆಯಿಟ್ಟದ್ದು ಹೊರಬಿದ್ದಾಗ, ಸೆಬಿಯ ಆಜ್ಞೆಯ ಕೆಲವೇ ದಿನಗಳಲ್ಲಿ ಸುಮಾರು 95,000 ಗ್ರಾಹಕರ ಪೈಕಿ 82,000ಕ್ಕೂ ಹೆಚ್ಚು ಮಂದಿಯ ಷೇರುಗಳು ಅವರವರ ಖಾತೆಗೆ ಮರಳಿದವು. ಹಗರಣವಾಯಿತೆಂದು ಹೇಳುವವರು, ಅದರಿಂದ ಬದುಕಿಕೊಂಡವರ ಈ ಲೆಕ್ಕವನ್ನೂ ಹೇಳಬೇಕು.

ಕಾವಲುಗಾರನಿಲ್ಲದ ಮನೆಯ ಗತಿ ಏನೆಂಬುದಕ್ಕೂ ಉದಾಹರಣೆಯುಂಟು. ಭೂಮಿಯ ಹೆಸರಿನಲ್ಲಿ ಜನರಿಂದ ಹಣ ಕೂಡಿಸುತ್ತಿದ್ದ ಪಿಎಸಿಎಲ್ ಎಂಬ ಕಂಪನಿಗೆ, ನೀವು ನಮ್ಮ ನಿಯಮದೊಳಗೆ ಬರತಕ್ಕದ್ದು ಎಂದು ಸೆಬಿ 1999ರಲ್ಲಿಯೇ ಹೇಳಿತು. ಕಂಪನಿ ಒಪ್ಪದೆ ನ್ಯಾಯಾಲಯಕ್ಕೆ ಹೋಯಿತು. 2003ರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತಿತು. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ ಬದಿಗೊತ್ತಿದ್ದು 2013ರಲ್ಲಿ. ಮೇಲ್ವಿಚಾರಕನ ಕೈ ಕಟ್ಟಿಹಾಕಿದ್ದ ಆ ಕಾಲವೆಲ್ಲ ಊರೂರು ಸುತ್ತಿದ ಏಜೆಂಟರು ಹಣ ಎತ್ತಿದರು. 2014ರ ಆಗಸ್ಟಿನಲ್ಲಿ ಸೆಬಿ ಆಜ್ಞೆ ಹೊರಡಿಸುವ ಹೊತ್ತಿಗೆ 5.85 ಕೋಟಿ ಜನರಿಂದ ಸಂಗ್ರಹವಾದ ಮೊತ್ತ 49,100 ಕೋಟಿ ರೂಪಾಯಿ. ಈ ಜನರೆಲ್ಲ ಅತಿಯಾಸೆಯ ಜೂಜುಗಾರರೆ? ತಿಂಗಳಿಗೆ ನೂರು ಇನ್ನೂರು ಉಳಿಸಿ, ನೆರೆಮನೆಯವನೇ ಏಜೆಂಟನಾಗಿ ಬಂದುದರಿಂದ ನಂಬಿ ಕೊಟ್ಟ ಕೂಲಿಕಾರರು, ಹೂ ಮಾರುವ ಹೆಂಗಸರು, ಸಣ್ಣ ರೈತರು ಅವರಲ್ಲಿ ಎಷ್ಟೋ ಮಂದಿ. ಕಾರ್ವಿಯ ಬಹುಪಾಲು ಗ್ರಾಹಕರಿಗೆ ಷೇರು ಕೆಲವೇ ದಿನಗಳಲ್ಲಿ ಮರಳಿತು. ಪಿಎಸಿಎಲ್ ಕಂಪನಿಗೆ ಹಣ ಕೊಟ್ಟವರು ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಮೇಲ್ವಿಚಾರಣೆ ಇದ್ದುದಕ್ಕೂ ಇಲ್ಲದುದಕ್ಕೂ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಕಾಣಬೇಕೆ?

ಸರ್ಕಾರದ ಕೈ ಬಂದರೆ ವ್ಯಾಪಾರ ಕುಂಠಿತವಾಗುತ್ತದೆಂಬ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. 1947ರ ಕಾಯಿದೆಯ ಪ್ರಕಾರ ಯಾವ ಕಂಪನಿ ಎಷ್ಟು ಷೇರು ಮಾರಬಹುದು, ಯಾವ ಬೆಲೆಗೆ ಮಾರಬೇಕು ಎಂಬುದನ್ನೆಲ್ಲ ದಿಲ್ಲಿಯ ಅಧಿಕಾರಿಯೊಬ್ಬ ನಿರ್ಣಯಿಸುತ್ತಿದ್ದ. ಅದು ಅಪ್ಪಣೆಯ ಆಡಳಿತ. 1992ರಲ್ಲಿ ಆ ಕಾಯಿದೆ ರದ್ದಾಯಿತು, ಆದದ್ದು ಒಳ್ಳೆಯದೇ ಆಯಿತು. ಸೆಬಿಯ ತತ್ತ್ವ ಬೇರೆ: ಬೆಲೆಯನ್ನು ನೀನೇ ಹೇಳು, ಆದರೆ ಸರಕಿನ ಹುಳುಕನ್ನು ಮುಚ್ಚಿಡಬೇಡ. ಮೆಕ್ಕೆಜೋಳದ ಬೆಲೆಯನ್ನು ಗೊತ್ತುಮಾಡುವುದಕ್ಕೂ ತಕ್ಕಡಿಯನ್ನು ಪರೀಕ್ಷಿಸುವುದಕ್ಕೂ ಇರುವ ಅಂತರವೇ ಈ ಎರಡಕ್ಕೂ ಇರುವುದು. ಮೊದಲನೆಯದರ ದೋಷವನ್ನು ಎರಡನೆಯದರ ತಲೆಗೆ ಕಟ್ಟುವುದು ಸರಿಯಲ್ಲ. ನೆಟ್ಟಗಿನ ತಕ್ಕಡಿಯಿಂದ ನೆಟ್ಟಗಿನ ವರ್ತಕನಿಗೆ ಎಂದೂ ನಷ್ಟವಾಗಿಲ್ಲ. ನಂಬಿಕೆಯಿರುವ ಪೇಟೆಗೆ ಹೆಚ್ಚು ಚೀಲಗಳು ಬರುತ್ತವೆ.

ಗಾದೆಯ ಪಕ್ಷಪಾತಿಗಳಿಗೆ ಅತ್ಯಂತ ಬಲವಾದ ನೆಲೆಯೊಂದಿದೆ. ಅದನ್ನು ತಪ್ಪಿಸಿಕೊಂಡು ಹೋಗುವುದು ಅಪ್ರಾಮಾಣಿಕತೆಯಾದೀತು. ಇಂದು ನಮ್ಮ ಕಾಲೇಜುಗಳ ಹುಡುಗರು ಮೊಬೈಲಿನಲ್ಲಿ ಆಡುವ, ಷೇರಿನ ಮುಂದಿನ ಬೆಲೆಯ ಮೇಲೆ ಕಟ್ಟುವ ಒಪ್ಪಂದಗಳಾದ ಫ್ಯೂಚರ್ಸ್, ಆಪ್ಷನ್ಸ್‌ಗಳಲ್ಲಿ ಕದಿರೂ ಇಲ್ಲ, ಲೇತೂ ಇಲ್ಲ. ಅವರ ಪಾಲಿಗೆ ಅದು ಬಹುಮಟ್ಟಿಗೆ ಬಾಜಿಯೇ. ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಹೆಚ್ಚು ಮಂದಿಯಲ್ಲಿ ನೂರಕ್ಕೆ 93 ಜನ ನಷ್ಟ ಹೊಂದಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತು. ಈ ವ್ಯವಹಾರಕ್ಕಿಳಿದವರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಜನ ದೇಶದ ಮೊದಲ ಮೂವತ್ತು ನಗರಗಳ ಆಚೆಯವರು, ಎಂದರೆ ನಮ್ಮಂಥ ಊರುಗಳವರು. ಇಲ್ಲಿ ಆಸೆಯಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಇಷ್ಟು ಹಣ ಹೋಯಿತೆಂಬ ಸತ್ಯ ನಮಗೆ ತಿಳಿದದ್ದಾದರೂ ಯಾರಿಂದ? ಲಾಭ ಪಡೆದವರು ಅದನ್ನು ಹೇಳಲಿಲ್ಲ. ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಉಪದೇಶ ಮಾಡಿದವರು ಹೇಳಲಿಲ್ಲ. ಎಲ್ಲರ ಲೆಕ್ಕವನ್ನೂ ನೋಡುವ ಅಧಿಕಾರವಿದ್ದ ಮೇಲ್ವಿಚಾರಕನೇ ಹೇಳಿದನು; ಹೇಳಿದ ಮೇಲೆ ಆ ಒಪ್ಪಂದಗಳ ವಾರವಾರದ ಗಡುವುಗಳನ್ನು ಕಡಿಮೆಮಾಡಿದನು, ವ್ಯವಹಾರದ ಕನಿಷ್ಠ ಮೊತ್ತವನ್ನು ಏರಿಸಿದನು. 2025ರ ಜುಲೈಯಲ್ಲಿ ಜೇನ್ ಸ್ಟ್ರೀಟ್ ಎಂಬ ಅಮೆರಿಕದ ಬಲಾಢ್ಯ ಸಂಸ್ಥೆ ಸೂಚ್ಯಂಕವನ್ನು ಕೃತಕವಾಗಿ ಏರಿಳಿಸಿತೆಂಬ ಆರೋಪದ ಮೇಲೆ ಸೆಬಿ ಅದರ 4,843 ಕೋಟಿ ರೂಪಾಯಿಗಳನ್ನು ತಡೆಹಿಡಿಯಲು ಆಜ್ಞೆಮಾಡಿತು. ಸಂಸ್ಥೆ ಆ ಆರೋಪವನ್ನು ಅಲ್ಲಗಳೆದಿದೆ, ನ್ಯಾಯಾಧಿಕರಣ ತೀರ್ಮಾನಿಸಲಿ. ಆದರೆ ಹುಡುಗನ ಆಸೆ ನೂರಕ್ಕೆ ನೂರು ನಿಜವಾಗಿದ್ದರೂ, ಪಗಡೆಯ ಒಳಗೆ ಸೀಸ ತುಂಬಿದವನಿದ್ದರೆ ಅವನನ್ನು ಹುಡುಕುವ ಕರ್ತವ್ಯ ಅದರಿಂದ ಒಂದಿಷ್ಟೂ ಕಡಮೆಯಾಗುವುದಿಲ್ಲ.

ಬೇಲಿಯೇ ಹೊಲ ಮೇಯ್ದರೆ ಎಂಬ ಶಂಕೆಯನ್ನೂ ಲಘುವಾಗಿ ಎಣಿಸಲಾರೆ. 2024ರಲ್ಲಿ ಸೆಬಿಯ ಆಗಿನ ಅಧ್ಯಕ್ಷೆಯ ಮೇಲೆಯೇ ಹಿತಾಸಕ್ತಿ ಸಂಘರ್ಷದ ಆರೋಪಗಳು ಬಂದುವು. ಅವಕ್ಕೆ ಆಧಾರವಿಲ್ಲವೆಂದು ಲೋಕಪಾಲವು 2025ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಮಂಡಳಿಯವರ ಆಸ್ತಿ ಹಿತಾಸಕ್ತಿಗಳನ್ನು ಕುರಿತ ನಿಯಮಗಳನ್ನು ಬಿಗಿಮಾಡುವುದಕ್ಕೆ ಒಂದು ಸಮಿತಿಯೂ ನೇಮಕವಾಯಿತು. ಶಂಕೆ ಹುಟ್ಟಿದಾಗ ಆಗಬೇಕಾದದ್ದು ಇದೇ: ಕಾಯುವವನ ಮೇಲೆ ಇನ್ನೊಂದು ಕಣ್ಣು, ಅದರ ಮೇಲೆ ನ್ಯಾಯಾಲಯದ ಕಣ್ಣು. ಬೇಲಿ ಒಮ್ಮೆ ಹೊಲಕ್ಕೆ ಬಾಗಿತೆಂದು ಯಾವ ರೈತನೂ ಬೇಲಿಯನ್ನು ಕಿತ್ತೆಸೆದು ಬೆಳೆಯನ್ನು ದನಗಳಿಗೆ ಒಪ್ಪಿಸುವುದಿಲ್ಲ. ಹೊಸ ಗೂಟ ನೆಟ್ಟು ಬಿಗಿಯುತ್ತಾನೆ.

ಹಾಗಾದರೆ ನಾವು ಆ ಮಂಡಳಿಯನ್ನು ಕೇಳಬೇಕಾದದ್ದೇನು? ನಷ್ಟವನ್ನು ತುಂಬಿಕೊಡೆಂದು ಕೇಳಬಾರದು. ತೂಕದ ಕಲ್ಲನ್ನು ನಮ್ಮ ಕಣ್ಣಿಗೆ ಕಾಣುವಂತೆ ಇಡೆಂದು ಕೇಳಬೇಕು. ಷೇರು ಮಾರಬಂದ ಕಂಪನಿಯ ನೂರಾರು ಪುಟದ ವಿವರಣಾ ಪತ್ರ ಇಂಗ್ಲಿಷಿನಲ್ಲಿದ್ದರೆ, ಕನ್ನಡವನ್ನಷ್ಟೇ ಓದಬಲ್ಲ ಹರಿಹರದ ಗೃಹಿಣಿಗೆ ಅದು ವಸ್ತ್ರದ ಮರೆಯಲ್ಲಿ ಹಿಡಿದ ಬೆರಳಿಗಿಂತ ಹೆಚ್ಚೇನನ್ನೂ ತಿಳಿಸುವುದಿಲ್ಲ. ಅದರ ಸಾರ, ವಿಶೇಷವಾಗಿ ಅಪಾಯಗಳ ಭಾಗ, ನಿರ್ಮಲವಾದ ಕನ್ನಡದಲ್ಲಿ ಸಿಗತಕ್ಕದ್ದು. ದೂರು ಕೊಡುವುದಕ್ಕೆ 2011ರಿಂದ ಸ್ಕೋರ್ಸ್ ಎಂಬ ಅಂತರ್ಜಾಲದ ವ್ಯವಸ್ಥೆಯಿದೆ. ಆದರೆ ನಮ್ಮ ಜಿಲ್ಲೆಯ ಕೇಂದ್ರದಲ್ಲಿ ಕುಳಿತು, ವೃದ್ಧರೊಬ್ಬರ ದೂರನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳುವ ಮನುಷ್ಯನೊಬ್ಬ ಬೇಕು. ಹಣ ದುಪ್ಪಟ್ಟು ಮಾಡಿಕೊಡುತ್ತೇವೆಂಬ ಫಲಕ ಊರಿನಲ್ಲಿ ಎದ್ದ ದಿನವೇ ಜಿಲ್ಲಾಡಳಿತವೂ ಸೆಬಿಯೂ ರಿಸರ್ವ್ ಬ್ಯಾಂಕೂ ಪರಸ್ಪರರ ಕಡೆ ಬೆರಳು ತೋರಿಸದೆ ಕೂಡಿ ವಿಚಾರಿಸತಕ್ಕದ್ದು. ತೀರ್ಪು ಹತ್ತು ವರ್ಷಕ್ಕೆ ಬಂದರೆ ಅದು ಚರಿತ್ರೆಯಾಗುತ್ತದೆ, ನ್ಯಾಯವಾಗುವುದಿಲ್ಲ. ಇವನ್ನು ಕೇಳುವ ಹಕ್ಕು ಹುಟ್ಟಬೇಕಾದರೆ, ಮೇಲ್ವಿಚಾರಣೆ ನಮಗೆ ಬೇಕೆಂಬುದನ್ನು ಮೊದಲು ನಾವು ಒಪ್ಪಬೇಕು; ಬೇಡವೆಂದು ಹೀಗಳೆಯುವವನಿಗೆ ಅದನ್ನು ತಿದ್ದುವ ಅಧಿಕಾರ ದೊರೆಯದು.

ಅತಿಯಾಸೆ ಗತಿಗೇಡು ಎಂಬ ಮಾತು ಸುಳ್ಳಲ್ಲ. ಅದು ಆತ್ಮಪರೀಕ್ಷೆಗೆಂದು ಹಿರಿಯರು ಕೊಟ್ಟ ಮಾತು. ಹಣ ಹೂಡುವ ಮುನ್ನ ಪ್ರತಿಯೊಬ್ಬನೂ ತನಗೆ ತಾನು ಅದನ್ನು ಹೇಳಿಕೊಂಡರೆ ಎಷ್ಟೋ ಮನೆಗಳು ಉಳಿದಾವು. ಮೋಸಹೋದವನ ಮುಂದೆ ನಿಂತು ಅದನ್ನೇ ತೀರ್ಪಾಗಿ ಉಚ್ಚರಿಸಿದಾಗ ಮಾತ್ರ ಆ ಸತ್ಯ ಅರ್ಧವಾಗುತ್ತದೆ, ಉಳಿದರ್ಧದ ಹಿಂದೆ ಮೋಸಮಾಡಿದವನು ಅಡಗಿಕೊಳ್ಳುತ್ತಾನೆ. ಮಂಡಿಯಲ್ಲಿ ರೈತನ ಚೀಲ ಹಗುರವಾಗಿ ತೂಗಿದಾಗ ನಾವು ರೈತನ ಮನಸ್ಸನ್ನು ತೂಗುವುದಿಲ್ಲ, ಕಲ್ಲನ್ನು ಎತ್ತಿ ಅದರ ತಳದ ಮುದ್ರೆಯನ್ನು ನೋಡುತ್ತೇವೆ. ನಾಳೆ ನಮ್ಮೂರಿನ ಮತ್ತೊಂದು ಮನೆಯಿಂದ ಇಂಥ ವಾರ್ತೆ ಬಂದಾಗಲೂ ಅಷ್ಟೇ ಸಹಜವಾಗಿ ನಮ್ಮ ಕೈ ಮೊದಲು ಕಲ್ಲಿನ ಕಡೆಗೆ ಹೋಗಲಿ.